ಬೆನ್ನು ತಿರುಗಿಸಿ ಕೊಟ್ಟ ಸಾಲ

ನಮ್ಮ ಅಂಗಡಿಯ ಮೇಜಿನ ಮೇಲೆ ಒಂದು ಮಾತಾಡುವ ಡಬ್ಬಿ ಇದೆ. ನಿಮ್ಮ ಊರಿನ ಅಂಗಡಿಗಳಲ್ಲೂ ನೋಡಿರುತ್ತೀರಿ. ಗಿರಾಕಿ ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿದ ತಕ್ಷಣ, ಇಂತಿಷ್ಟು ರೂಪಾಯಿ ಬಂತು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವವನು. ಸುತ್ತಲಿನ ಐದು ತಾಲ್ಲೂಕಿನ ಮದುವೆಗಳಲ್ಲಿ ಮೈಕ್ ಕಟ್ಟಿದ್ದೇನೆ. ಆದರೂ ಅಂಗೈಯಷ್ಟಿರುವ ಡಬ್ಬಿಯಿಂದ ಅಷ್ಟು ದೊಡ್ಡ ಸದ್ದು ಹೇಗೆ ಬರುತ್ತದೆ ಎಂದು ನನಗೆ ಇನ್ನೂ ತಿಳಿದಿಲ್ಲ.

ಒಮ್ಮೆ ಕುರ್ಚಿ ಮಾರುವ ಹೊಸಪೇಟೆಯ ವ್ಯಾಪಾರಿ ಹಳೆಯ ಬಾಕಿ ಕೇಳಲು ಬಂದು ಕೂತಿದ್ದ. ನಾನು ಮುಖ ಸಪ್ಪೆ ಮಾಡಿಕೊಂಡು, "ವ್ಯಾಪಾರ ಪೂರಾ ಬಿದ್ದೈತ್ರಿ, ವಾರದಿಂದ ಒಂದು ರೂಪಾಯಿ ಮುಖ ನೋಡಿಲ್ಲ" ಎನ್ನುತ್ತಿದ್ದೆ. ಮಾತು ಮುಗಿಯುವಷ್ಟರಲ್ಲಿ ಡಬ್ಬಿ, "ಎಂಟು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ" ಎಂದು ಘೋಷಿಸಿತು. ಹರಪನಹಳ್ಳಿಯ ಯಾರೋ ಪುಣ್ಯಾತ್ಮರು ಹಳೆಯ ಮದುವೆಯ ಬಾಕಿಯನ್ನು ಅದೇ ಗಳಿಗೆಯಲ್ಲಿ ಹಾಕಿದ್ದರು. ವ್ಯಾಪಾರಿ ಡಬ್ಬಿಗೆ ಕೈಮುಗಿದು ನನ್ನ ಕಡೆ ಕೈಚಾಚಿದ.

ಆ ಡಬ್ಬಿಯ ಮೇಲೆ ನನಗಿರುವ ದೂರು ಅದಲ್ಲ. ಬಂದ ರೊಕ್ಕವನ್ನು ಅದು ಕೂಗಿ ಹೇಳುತ್ತದೆ, ಹೋದ ರೊಕ್ಕದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಹೋಗುವಾಗಲೂ, "ಇಷ್ಟು ಹೋಯಿತು, ಇದು ಬೇಕಾಗಿರಲಿಲ್ಲ" ಎಂದು ಒಂದು ಮಾತು ಹೇಳಿದ್ದರೆ ನಮ್ಮಂಥವರ ಮನೆ ಎಷ್ಟೋ ಉದ್ಧಾರವಾಗುತ್ತಿತ್ತು. ಸದ್ಯಕ್ಕೆ ನಮ್ಮ ಮನೆಯಲ್ಲಿ ಆ ಕೆಲಸವನ್ನು ನನ್ನ ಹೆಂಡತಿ ಗಿರಿಜಾ ಮಾಡುತ್ತಾಳೆ. ಅವಳ ದನಿಯೂ ಡಬ್ಬಿಗಿಂತ ಕಡಿಮೆಯೇನಿಲ್ಲ.

ನಾನು ಹುಡುಗನಾಗಿದ್ದಾಗ ಮನೆಯಿಂದ ರೊಕ್ಕ ಹೊರಗೆ ಹೋಗುವುದು ಇಷ್ಟು ಸಲೀಸಾಗಿರಲಿಲ್ಲ. ಅದಕ್ಕೆ ವಾರ, ಹೊತ್ತು, ಗಳಿಗೆ ಎಲ್ಲ ಇತ್ತು. ನನಗೆ ಅದನ್ನೆಲ್ಲ ಕಲಿಸಿದವಳು ಪಕ್ಕದ ಮನೆಯ ಮರುಳಮ್ಮ. ಉಜ್ಜಿನಿಯ ಹೆಣ್ಣುಮಗಳು, ನಮ್ಮೂರಿಗೆ ಸೊಸೆಯಾಗಿ ಬಂದವಳು. ಅವರ ಮನೆಯ ಮುಂದಿನ ಕೋಣೆಯಲ್ಲೇ ಹಿಟ್ಟಿನ ಗಿರಣಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಜೋಳ ಬೀಸಿ ಬೀಸಿ ಅವಳ ರೆಪ್ಪೆಗೂದಲಿನ ಮೇಲೂ ಹಿಟ್ಟು ಕೂತಿರುತ್ತಿತ್ತು. ಸಂಬಂಧವೇನೂ ಇಲ್ಲದಿದ್ದರೂ ನಾವೆಲ್ಲ ಅವಳನ್ನು ಅತ್ತಿ ಎಂದೇ ಕರೆಯುತ್ತಿದ್ದೆವು. ಈಗಲೂ ಹಾಗೇ ಕರೆಯುತ್ತೇನೆ.

ಅತ್ತೆಯ ಕಾನೂನು ಹೀಗಿತ್ತು. ಮಂಗಳವಾರ, ಶುಕ್ರವಾರ ಮನೆಯಿಂದ ಲಕ್ಷ್ಮಿ ಹೊರಗೆ ಹೋಗಬಾರದು. ಸೋಮವಾರ ಸ್ವಾಮಿಯ ವಾರ, ಆವತ್ತು ಕೊಡುವುದು ಬೇಡ. ಅಮಾವಾಸ್ಯೆಯ ಮಾತೇ ಎತ್ತಬಾರದು. ಉಳಿದ ದಿನಗಳಲ್ಲಿ ಬೆಳಿಗ್ಗೆ ಬೋಣಿಗೆ ಆಗುವ ಮೊದಲು, ಅಂದರೆ ಮೊದಲ ಗಿರಾಕಿಯ ಕಾಸು ಕೈಗೆ ಬೀಳುವ ಮೊದಲು, ಕೇಳಬಾರದು. ಸಂಜೆ ದೀಪ ಹಚ್ಚಿದ ಮೇಲೆ ರೊಕ್ಕವಂತೂ ಸರಿಯೇ ಸರಿ, ಉಪ್ಪು, ಮೊಸರು, ಸೂಜಿ ಕೂಡ ಹೊಸ್ತಿಲು ದಾಟುವಂತಿರಲಿಲ್ಲ. ಬರುವ ಲಕ್ಷ್ಮಿಗೆ ಮಾತ್ರ ಯಾವ ವಾರದ ಅಡ್ಡಿಯೂ ಇರಲಿಲ್ಲ.

ನಮ್ಮವ್ವ ತಿಂಗಳ ಕೊನೆಯಲ್ಲಿ ನನ್ನನ್ನು ಅವಳ ಹತ್ತಿರ ಕೈಗಡ ಕೇಳಲು ಕಳಿಸುತ್ತಿದ್ದಳು. ಕಾಗದವಿಲ್ಲ, ಬಡ್ಡಿಯಿಲ್ಲ, ಕೈಯಿಂದ ಕೈಗೆ ಬಂದು ಕೈಯಿಂದ ಕೈಗೆ ಹೋಗುವ ಸಾಲ. ನಾನು ಗಿರಣಿಯ ಬಾಗಿಲಲ್ಲಿ ನಿಂತರೆ ಅತ್ತೆ ಕೇಳುತ್ತಿದ್ದ ಮೊದಲ ಪ್ರಶ್ನೆ, "ಇವತ್ತು ಯಾವ ವಾರಲೇ?" ಸಾಲೆಯಲ್ಲಿ ಮೇಷ್ಟ್ರು ಕೇಳಿದರೆ ತೊದಲುತ್ತಿದ್ದ ನಾನು ಅಲ್ಲಿ ಮಾತ್ರ ಸರಿಯಾಗಿ ಹೇಳುತ್ತಿದ್ದೆ.

ನೆಂಟರು ನನ್ನ ಕೈಗಿಟ್ಟು ಹೋದ ಚಿಲ್ಲರೆಯನ್ನೂ ಅವ್ವ ಅತ್ತೆಯ ಹತ್ತಿರವೇ ಇಡಿಸುತ್ತಿದ್ದಳು. ಒಂದು ಶುಕ್ರವಾರ ಸಂತೆ ಬೀದಿಯಲ್ಲಿ ಕೆಂಪು ಗಾಜಿನ ಕನ್ನಡಕ ನೋಡಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಓಡಿ ಬಂದು ನನ್ನ ರೊಕ್ಕ ಕೊಡು ಎಂದೆ.

"ಶುಕ್ರವಾರ. ಬುಧವಾರ ಬಾ" ಎಂದಳು. ನಡುವಿನ ಶನಿವಾರ, ಭಾನುವಾರಕ್ಕೆ ಅಡ್ಡಿಯಿರಲಿಲ್ಲ, ಆದರೂ ನನ್ನ ಚಿಲ್ಲರೆಗೆ ಅವಳು ಬುಧವಾರವನ್ನೇ ಗೊತ್ತುಮಾಡಿದ್ದಳು.

"ಲಕ್ಷ್ಮಿಗೆ ಶುಕ್ರವಾರ ಅಂತ ಗೊತ್ತಾಗ್ತೈತೇನ್ ಅತ್ತಿ?"

"ಲಕ್ಷ್ಮಿಗೆ ಗೊತ್ತಾಗಲಿ ಬಿಡಲಿ, ನಿನಗಂತೂ ಗೊತ್ತಾಗಲಿ."

ಶನಿವಾರ ನಮ್ಮ ಓಣಿಯ ಇನ್ನೊಬ್ಬ ಆ ಕನ್ನಡಕ ಕೊಂಡ. ಭಾನುವಾರ ಅದು ಅವನ ಮೂಗಿನ ಮೇಲೇ ಮುರಿಯಿತು. ಬುಧವಾರ ನಾನು ಅತ್ತೆಯ ಹತ್ತಿರ ಹೋಗಲೇ ಇಲ್ಲ. ನನ್ನ ಎಷ್ಟೋ ಆಸೆಗಳು ಹೀಗೆ ಬುಧವಾರ ಮುಟ್ಟುವ ಮೊದಲೇ ತಣ್ಣಗಾಗಿ, ಚಿಲ್ಲರೆ ಮಾತ್ರ ಉಳಿದುಕೊಂಡಿತು. ಅದು ದೇವರ ಕಾನೂನೋ ಅತ್ತೆಯ ಕಾನೂನೋ ನನಗೆ ಈಗಲೂ ಗೊತ್ತಿಲ್ಲ. ನನ್ನಂಥ ತೂತು ಜೇಬಿನವನಿಗೆ ಹೇಳಿ ಮಾಡಿಸಿದ ಕಾನೂನಾಗಿತ್ತು.

ದೊಡ್ಡವನಾದ ಮೇಲೆ ನನ್ನ ಕೈಗೆ ಫೋನು ಬಂತು. ಫೋನಿಗೆ ವಾರವಿಲ್ಲ, ಅಮಾವಾಸ್ಯೆಯಿಲ್ಲ, ದೀಪ ಹಚ್ಚುವ ಹೊತ್ತಂತೂ ಇಲ್ಲವೇ ಇಲ್ಲ. "ಕೊಟ್ರೇಶ್ ಅವರೇ, ಅಭಿನಂದನೆಗಳು! ನಿಮಗೆ ಸಾಲ ಮಂಜೂರಾಗಿದೆ" ಎಂದು ಅದು ನನ್ನ ಹೆಸರು ಹಿಡಿದು ಕರೆಯಿತು. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನಗೆ ಯಾರೂ ಅಭಿನಂದನೆ ಹೇಳಿರಲಿಲ್ಲ. ಇಷ್ಟು ಲಕ್ಷ ಸಾಲ ಕೊಡಲು ಮುಂದೆ ಬಂದಿದ್ದಾರೆ ಎಂದರೆ ನಾನು ಅಷ್ಟು ಲಕ್ಷದ ಮನುಷ್ಯನೇ ಇರಬೇಕು ಎಂದು ಎದೆ ಉಬ್ಬಿತು. ಒಂದು ಫೈನಾನ್ಸಿನಲ್ಲಿ ಟೆಂಪೊ ತೆಗೆದುಕೊಂಡೆ. ಟೆಂಪೊ ಇದ್ದ ಮೇಲೆ ದೊಡ್ಡ ಸ್ಪೀಕರ್ ಬಾಕ್ಸ್ ಇಲ್ಲದಿದ್ದರೆ ಹೇಗೆ ಎಂದು ಅದನ್ನೂ ಕಂತಿನ ಮೇಲೆ ತಂದೆ. ಗಿರಿಜಾ, "ತಿಂಗಳ ಐದನೇ ತಾರೀಖಿಗೆ ಕಂತು ಕಟ್ಟಬೇಕಂತ. ತಿಂಗಳಾ ತಿಂಗಳಾ ಐದನೇ ತಾರೀಖಿಗೆ ಯಾರ ಮದುವಿ ಇರ್ತೈತ್ರಿ?" ಎಂದು ಕೇಳಿದಳು. ಬಾಕ್ಸಿನ ಸದ್ದು ಪರೀಕ್ಷೆ ಮಾಡುತ್ತಿದ್ದ ನನಗೆ ಆ ಮಾತು ಕೇಳಿಸಲಿಲ್ಲ.

ಸಾಲದ ವಿಷಯದಲ್ಲಿ ಅದಕ್ಕಿಂತ ಬುದ್ಧಿವಂತ ಪ್ರಶ್ನೆಯನ್ನು ನಾನು ಇದುವರೆಗೆ ಕೇಳಿಲ್ಲ. ಕಂತಿನವನಿಗೆ ಐದನೇ ತಾರೀಖು ಗೊತ್ತು, ಆಷಾಢ ಗೊತ್ತಿಲ್ಲ. ನಮ್ಮ ಕಸುಬಿನ ರೊಕ್ಕ ಹಗರಿ ಹಳ್ಳದ ನೀರಿನ ಹಾಗೆ, ಬಂದರೆ ಒಮ್ಮೆಲೇ ಬರುತ್ತದೆ. ಲಗ್ನದ ದಿನಗಳಲ್ಲಿ ಜೇಬು ಸಾಲುವುದಿಲ್ಲ. ಆಷಾಢ ಬಂತೆಂದರೆ ಶಾಮಿಯಾನದ ಬಟ್ಟೆಯನ್ನು ಇಲಿ ಕಡಿಯದಂತೆ ಕಾಯುವುದೇ ಕೆಲಸ. ಆಗ ಶಾಮಿಯಾನ ಬೇಕಾಗುವುದು ಸಾವಿನ ಮನೆಗೆ, ಅದು ಬಾಯಿಬಿಟ್ಟು ಬಯಸುವಂಥ ವ್ಯಾಪಾರವಲ್ಲ. ಲಗ್ನದ ದಿನಗಳ ರೊಕ್ಕವನ್ನೇ ಆಷಾಢಕ್ಕೂ ಎತ್ತಿಡಬೇಕು ಎಂಬ ಸರಳ ಸಂಗತಿ ನಮ್ಮಪ್ಪನಿಗೆ ಗ್ಯಾಸಲೈಟು ಬಾಡಿಗೆಗೆ ಕೊಡುತ್ತಿದ್ದ ಕಾಲದಲ್ಲೇ ಗೊತ್ತಿತ್ತು. ನನಗೆ ಟೆಂಪೊ ಹೋದ ದಿನ ಗೊತ್ತಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ಆಷಾಢ ಮುಗಿದು ಶ್ರಾವಣ ಹುಟ್ಟಿತ್ತು. ಬರುವ ಭಾನುವಾರ ತಂಬ್ರಹಳ್ಳಿಯಲ್ಲಿ ಮದುವೆ, ಆ ವರ್ಷದ ಹೊಸ ಕಾಲದ ಮೊದಲ ಮದುವೆ. ಹುಡುಗಿಯ ಅಪ್ಪ ಪೂರ್ತಿ ಬಾಡಿಗೆ ಮುಂಗಡವಾಗಿಯೇ ಕೊಟ್ಟಿದ್ದ, ನಾನು ಅದನ್ನು ಜನರೇಟರ್ ರಿಪೇರಿಗೆ ಹಾಕಿ ಮುಗಿಸಿದ್ದೆ. ಶುಕ್ರವಾರ ಮಧ್ಯಾಹ್ನ ಕಂಬ, ಬಟ್ಟೆ, ಪಾತ್ರೆ ಎಲ್ಲ ಟೆಂಪೊಗೆ ಏರಿಸಿ ಊಟಕ್ಕೆ ಕೂತಿದ್ದೇನೆ, ಫೈನಾನ್ಸಿನವರು ಬಂದು ಸಾಮಾನು ಸಮೇತ ಗಾಡಿ ತೆಗೆದುಕೊಂಡು ಹೋದರು. ಆಷಾಢದ ಕಂತು, ಅದರ ಹಿಂದಿನದು, ಎರಡೂ ನಿಂತಿದ್ದವು. ಅವರು ಗದರಲಿಲ್ಲ, ಬೈಯಲಿಲ್ಲ. "ಸಂಜಿ ಏಳಕ್ಕ ಯಾರ್ಡಿಗೆ ಬೀಗ ಹಾಕ್ತೀವ್ರಿ. ನಾಳಿ ನಾಡಿದ್ದು ರಜಾ. ಗಾಡಿ ಬೇಕಾದ್ರೂ ಸಾಮಾನು ಬೇಕಾದ್ರೂ ಬಾಕಿ ಕಂತು ಕಟ್ಟಿ ಬಿಡಿಸ್ಕೊಂಡು ಹೋಗ್ರಿ" ಎಂದು ಬಹಳ ಮರ್ಯಾದೆಯಿಂದ ಹೇಳಿದರು.

ಸ್ನೇಹಿತರಿಗೆಲ್ಲ ಫೋನು ಹಚ್ಚಿದೆ. ನನ್ನ ಸ್ನೇಹಿತರೆಂದರೆ ಅಡುಗೆ ಭಟ್ಟರು, ಫೋಟೊದವನು, ಬ್ಯಾಂಡಿನವನು, ಹಡಗಲಿಯ ಮಲ್ಲಿಗೆ ತರಿಸಿ ಮಂಟಪ ಕಟ್ಟುವವನು. ಎಲ್ಲರೂ ಮದುವೆ ನಂಬಿ ಬದುಕುವವರು. ಆಷಾಢ ಅವರ ಮನೆಗೂ ಬಂದು ಹೋಗಿತ್ತು. ಒಬ್ಬ ನನ್ನ ಮಾತು ಪೂರ್ತಿ ಕೇಳಿ, "ನಿನಗ ಎಲ್ಲಾದ್ರೂ ಸಿಕ್ಕರ ನನಗೂ ಒಂದೆರಡು ಸಾವಿರ ನೋಡಪ" ಎಂದ.

ಉಳಿದದ್ದು ಫೋನಿನೊಳಗಿನ ಸಾಲ. ಒಂದು ಗುಂಡಿ ಒತ್ತಿದರೆ ಸಾಕು, ದುಪ್ಪಟ್ಟು ಕೊಡುತ್ತೇನೆ ಎನ್ನುತ್ತಿತ್ತು. ಅಂಥದ್ದನ್ನು ಒತ್ತಿದ ಕೂಡ್ಲಿಗಿಯ ಒಬ್ಬ ಗೆಳೆಯ ಅದನ್ನು ತೀರಿಸಲು ಇನ್ನೊಂದು ಒತ್ತಿ, ಅದಕ್ಕೆ ಮತ್ತೊಂದು ಒತ್ತಿ, ಕೊನೆಗೆ ಅಂಗಡಿಯನ್ನೇ ಬಿಟ್ಟುಕೊಟ್ಟಿದ್ದ. ಗೊತ್ತಿದ್ದೂ ನನ್ನ ಹೆಬ್ಬೆರಳು ಗಾಜಿನ ಮೇಲೆ ಬಂದು ನಿಂತಿತ್ತು. ತಂಬ್ರಹಳ್ಳಿಯ ಆ ಮನೆಯಂಗಳ ಬರಿದಾಗಿ ಕಣ್ಣಿಗೆ ಕಟ್ಟುತ್ತಿತ್ತು. ಮದುವೆಯ ಹೊತ್ತಿಗೆ ಚಪ್ಪರ ತರದವನು ಎಂಬ ಹೆಸರು ಬಂದರೆ ಐದು ತಾಲ್ಲೂಕಿನಲ್ಲಿ ಇನ್ನು ಯಾರೂ ನನ್ನನ್ನು ಕರೆಯುತ್ತಿರಲಿಲ್ಲ.

ಗಿರಿಜಾ ಫೋನು ಕಸಿದು ಅಕ್ಕಿ ಡಬ್ಬದಲ್ಲಿ ಹಾಕಿದಳು. "ಅತ್ತಿ ಕಡಿ ಹೋಗ್ರಿ" ಎಂದಳು.

"ಇವತ್ತು ಶುಕ್ರವಾರ. ದೀಪ ಹಚ್ಚೋ ಹೊತ್ತಾತು."

"ಬೈಸ್ಕೊಂಡಾದ್ರೂ ಬರ್ರಿ. ಬೈದ್ರ ಬಡ್ಡಿ ಬೀಳಂಗಿಲ್ಲ."

ಹೋದೆ. ಗಿರಣಿ ನಿಂತಿತ್ತು. ಅತ್ತೆ ಕೈಕಾಲು ತೊಳೆದು ಆಗಷ್ಟೇ ದೀಪ ಹಚ್ಚಿ ದೇವರ ಜಗಲಿಯ ಮುಂದೆ ಕೂತಿದ್ದಳು. ಮಧ್ಯಾಹ್ನ ನಡೆದದ್ದು ಓಣಿಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಬಾಯಿ ತೆರೆದೆ.

"ಎಷ್ಟು ಅಂತ ಹೇಳಬ್ಯಾಡ" ಎಂದಳು. "ಶುಕ್ರವಾರ ಮುಚ್ಚಂಜಿ. ದೀಪ ಹಚ್ಚೀನಿ. ನನ್ನ ಕೈಯಿಂದ ಕೊಡಾಕ ಬರಂಗಿಲ್ಲ."

ಆಯಿತು ಎಂದು ತಿರುಗಿದೆ. ಅವಳ ಮೇಲೆ ಸಿಟ್ಟೂ ಬರಲಿಲ್ಲ. ನನ್ನ ಕಣ್ಣು ಮಾತ್ರ ತುಂಬಿ ಬಾಗಿಲು ಕಾಣಿಸಲಿಲ್ಲ.

"ಎಲ್ಲಿಗೆ ಹೊಂಟ್ಯೋ ಕೊಟ್ರೇಶಿ? ಕೊಡಾಕ ಬರಂಗಿಲ್ಲ ಅಂದೆ. ತಗೋಬ್ಯಾಡ ಅಂದ್ನೇನು?"

ಸೊಂಟದಿಂದ ಬೀಗದ ಕೈ ತೆಗೆದು, ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟಳು. "ಒಳಗ ಪೆಟ್ಟಿಗಿ ಐತಿ. ನಿನಗೆಷ್ಟು ಬೇಕೋ ಅಷ್ಟು ತಗೋ. ನಾ ನೋಡಂಗಿಲ್ಲ." ಹೇಳಿ ದೀಪದ ಕಡೆ ಮುಖ ಮಾಡಿ ಬತ್ತಿ ಸರಿಮಾಡತೊಡಗಿದಳು.

ಕೋಣೆಗೂ ಜಗಲಿಗೂ ನಡುವೆ ಬಾಗಿಲಿರಲಿಲ್ಲ. ಪೆಟ್ಟಿಗೆಯ ಮುಂದೆ ಮಂಡಿಯೂರಿದರೆ ನನಗೆ ಅವಳ ಬೆನ್ನು ಕಾಣುತ್ತಿತ್ತು. ಬಟ್ಟೆಯ ಗಂಟು ಬಿಚ್ಚಿದೆ. ಹಿಟ್ಟು ಮೆತ್ತಿದ ನೋಟುಗಳು. ನನಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿತ್ತು.

ಓದುಗರೇ, ನಿಮ್ಮ ಮುಂದೆ ಸುಳ್ಳೇಕೆ ಹೇಳಲಿ? ಅಲ್ಲಿ ಕೂತ ನನ್ನ ತಲೆ ಓಡತೊಡಗಿತು. ಬಾಕಿ ಕಂತು ಸರಿ. ಹೇಗೂ ತಗೊಳ್ಳುತ್ತಿದ್ದೇನೆ, ಮುಂದಿನ ತಿಂಗಳದ್ದೂ ಸೇರಿಸಿದರೆ ನಿಶ್ಚಿಂತೆ. ಕುರ್ಚಿಯವನ ಬಾಕಿ ಕೊಟ್ಟುಬಿಟ್ಟರೆ ಬಾಯಿ ಮುಚ್ಚುತ್ತಾನೆ. ಶಾಮಿಯಾನದ ಜಾಲರಿ ಹಳತಾಗಿದೆ, ತಂಬ್ರಹಳ್ಳಿಯವರ ಮುಂದೆ ಹೊಸದಿದ್ದರೆ ಚೆಂದ. ನನಗೂ ಒಂದು ಜೊತೆ ಚಪ್ಪಲಿ. ಫೋನಿನವನಾದರೆ ಇಷ್ಟಕ್ಕೂ ಅಭಿನಂದನೆ ಹೇಳಿ ಇನ್ನಷ್ಟು ಕೊಡುತ್ತಿದ್ದ. ಅವನು ಯಾವಾಗಲೂ ನನಗೆ ಎಷ್ಟು ಸಿಗುತ್ತದೆ ಎಂದು ಹೇಳುತ್ತಾನೆ. ನನಗೆ ಎಷ್ಟು ಬೇಕು ಎಂದು ಕೇಳಿದವರು ಯಾರೂ ಇರಲಿಲ್ಲ. ಈಗ ಕೇಳಿದವಳು ಬೆನ್ನು ತಿರುಗಿಸಿ ಕೂತಿದ್ದಳು. ಅವಳು ಎದುರಿಗೆ ಕೂತು ಎಣಿಸಿ ಕೊಟ್ಟಿದ್ದರೆ ನಾನು ಚೌಕಾಸಿ ಮಾಡಿ ಇನ್ನೊಂದಿಷ್ಟು ಕೇಳುತ್ತಿದ್ದೆ. ಆ ಬೆನ್ನಿನ ಹತ್ತಿರ ಚೌಕಾಸಿ ನಡೆಯಲಿಲ್ಲ. ಚಪ್ಪಲಿ ಬಿಟ್ಟೆ. ಜಾಲರಿ ಬಿಟ್ಟೆ. ಕುರ್ಚಿಯವನಿಗೆ ಇನ್ನೊಂದಿಷ್ಟು ದಿನ ಕೈಮುಗಿದರಾಯಿತು ಎಂದುಕೊಂಡೆ. ಮುಂದಿನ ತಿಂಗಳು ಮುಂದಿನ ತಿಂಗಳಿಗೇ ಬರಲಿ. ಉಳಿದದ್ದು ನಿಂತುಹೋದ ಕಂತು, ಮೇಲೆ ತಂಬ್ರಹಳ್ಳಿ ಮುಟ್ಟುವಷ್ಟು ಡೀಸೆಲ್. ಅಷ್ಟನ್ನು ತುಟಿಯಲ್ಲೇ ಎಣಿಸತೊಡಗಿದೆ.

"ಬಾಯಾಗ ಎಣಿಸಬ್ಯಾಡಲೇ, ಕೇಳಸ್ತೈತಿ" ಎಂದು ಬೆನ್ನು ಮಾತಾಡಿತು.

ಗಂಟು ಕಟ್ಟಿ, ಬೀಗ ಹಾಕಿ, ಬೀಗದ ಕೈಯನ್ನು ಮೊದಲಿದ್ದಲ್ಲೇ ಇಟ್ಟೆ. ಕಾಲು ಮುಟ್ಟಲು ಬಗ್ಗಿದರೆ, "ಹೋಗು, ಯಾರ್ಡಿಗೆ ಬೀಗ ಹಾಕ್ಯಾರು. ಬುಧವಾರ ತಂದಿಡು" ಎಂದು ಓಡಿಸಿದಳು.

ಯಾರ್ಡಿನ ಗುಮಾಸ್ತ ನೋಟು ಎಣಿಸಿ ಕೈ ಕೊಡವಿದ. "ಏನ್ರಿ ಇದು, ರೊಕ್ಕ ಎಲ್ಲಾ ಹಿಟ್ಟು?" ಎಂದ. "ಹೂಂರಿ, ಈಗಷ್ಟ ಬೀಸಿಸ್ಕೊಂಡು ಬಂದೀನಿ" ಎಂದೆ. ತಂಬ್ರಹಳ್ಳಿಯಲ್ಲಿ ಚಪ್ಪರ ಎದ್ದಿತು. ಹಳೆಯ ಜಾಲರಿ ಹಳತು ಎಂದು ಯಾರಿಗೂ ಕಾಣಲಿಲ್ಲ. ಎಲ್ಲರೂ ಹುಡುಗಿಯನ್ನೇ ನೋಡುತ್ತಿದ್ದರು. ಅಲ್ಲೇ ಇನ್ನೆರಡು ಮದುವೆಗಳ ಮುಂಗಡ ಸಿಕ್ಕಿತು.

ಬುಧವಾರ ಬೆಳಿಗ್ಗೆ ಬೋಣಿಗೆ ಆಗುವುದನ್ನು ಕಾದು, ಆ ಮುಂಗಡದ ರೊಕ್ಕ ಹಿಡಿದು ಗಿರಣಿಗೆ ಹೋದೆ. ಅತ್ತೆ ಹಿಟ್ಟಿನ ಚೀಲದಿಂದ ತಲೆಯೆತ್ತದೆ, "ಎಲ್ಲಿಂದ ತಗೊಂಡ್ಯೋ ಅಲ್ಲೇ ಇಡು" ಎಂದಳು. ಇಟ್ಟೆ. ಎಷ್ಟು ತಗೊಂಡೆ ಎಂದು ಅವಳು ಕೇಳಿರಲಿಲ್ಲ, ಎಷ್ಟು ಇಟ್ಟೆ ಎಂದೂ ಕೇಳಲಿಲ್ಲ. ಬಡ್ಡಿಯೆಂದು ಏನಾದರೂ ಇಡಲೇ ಎಂದು ಅಳುಕುತ್ತಾ ಕೇಳಿದೆ. "ಇಡು. ನಾಳಿಯಿಂದ ನಿನ್ನ ಜ್ವಾಳ ಬ್ಯಾರೆ ಗಿರಣಿಗೆ ಒಯ್ಯಿ" ಎಂದಳು.

ಆಮೇಲೆ ನಾನು ಪೂರ್ತಿ ಶಾಣ್ಯಾನಾದೆ ಎಂದೇನೂ ತಿಳಿಯಬೇಡಿ. ಆದರೆ ಸ್ಪೀಕರ್ ಬಾಕ್ಸನ್ನು ಮಾರಿ ಅದರ ಸಾಲ ಮುಗಿಸಿದೆ. ಲಗ್ನದ ದಿನಗಳಲ್ಲಿ ಒಂದೊಂದು ಮದುವೆಯ ರೊಕ್ಕ ಬಂದಾಗಲೂ ಗಿರಿಜಾ ಮೊದಲು ಆಷಾಢದ ಪಾಲನ್ನು ತೆಗೆದಿಟ್ಟು ಆಮೇಲೆ ಕಿರಾಣಿ ಚೀಟಿ ಬರೆಯುತ್ತಾಳೆ. ಏನಾದರೂ ಕೊಳ್ಳಬೇಕೆಂದು ನನ್ನ ಕೈ ಕಡಿದರೆ ಬುಧವಾರದವರೆಗೆ ಕಾಯುತ್ತೇನೆ. ಸಾಲವನ್ನೂ ಮಾಡುತ್ತೇನೆ, ಮಾಡದೆ ನಮ್ಮ ಕಸುಬು ನಡೆಯುವುದಿಲ್ಲ. ಮಾಡುವ ಮೊದಲು ಪೆಟ್ಟಿಗೆಯ ಮುಂದೆ ಕೂತ ಹಾಗೆ ಕೂತು, ಚಪ್ಪಲಿ, ಜಾಲರಿ ಎಲ್ಲ ಬಿಟ್ಟು ನೋಡುತ್ತೇನೆ. ಟೆಂಪೊದ ಸಾಲ ತೀರಿ, ಅದರ ಕಾಗದಗಳು ನನ್ನ ಹೆಸರಿಗೆ ಬಂದು ಎರಡು ಲಗ್ನದ ಕಾಲ ಕಳೆದಿವೆ. ಅತ್ತೆಯನ್ನು ನೆನೆಯದ ದಿನವಿಲ್ಲ.

ಆದರೆ ನಾನು ನೆನೆಯಬೇಕಾದವಳು ಅವಳೊಬ್ಬಳೇ ಅಲ್ಲ ಎಂದು ಗೊತ್ತಾದದ್ದು ಕಳೆದ ತಿಂಗಳು. ನೀಲಗುಂದದಲ್ಲಿ ಮದುವೆ ಮುಗಿಸಿ ಬರುತ್ತಿದ್ದೆವು. ನಮ್ಮ ಜೊತೆ ಮೊದಲಿನಿಂದಲೂ ಪಾತ್ರೆ ತೊಳೆಯಲು ಬರುವ ಹುಲಿಗೆಮ್ಮ ಎಂದಿನಂತೆ ಹಿಂದೆ ಕೊಪ್ಪರಿಗೆಗಳ ನಡುವೆ ಕೂತಿದ್ದಳು. ಚಹಾಕ್ಕೆ ಗಾಡಿ ನಿಲ್ಲಿಸಿದಾಗ ನಾನು ಎಂದಿನಂತೆ ಅತ್ತೆಯ ಪೆಟ್ಟಿಗೆಯ ಕಥೆ ತೆಗೆದೆ. ಹಿಟ್ಟಿನ ನೋಟಿನ ಜಾಗಕ್ಕೆ ಬಂದಾಗ ಎಲ್ಲರೂ ನಕ್ಕರು.

ಹುಲಿಗೆಮ್ಮ ಚಹಾ ಆರಿಸುತ್ತಾ, "ಅದು ಗಿರಣಿ ರೊಕ್ಕ ಅಲ್ಲರಿ. ಚೀಟಿ ರೊಕ್ಕ" ಎಂದಳು.

ಅತ್ತೆ ಓಣಿಯ ಹೆಂಗಸರ ಚೀಟಿ ನಡೆಸುವುದು ನನಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಎಲ್ಲರೂ ಇಷ್ಟಿಷ್ಟು ತಂದು ಕೊಡುತ್ತಾರೆ, ಸೇರಿದ್ದನ್ನು ಪಾಳಿಯ ಪ್ರಕಾರ ಒಬ್ಬಳು ಎತ್ತುತ್ತಾಳೆ. ಆ ಗಂಟು ಅದೇ ಎಂದು ನನಗೆ ಹೊಳೆದಿರಲಿಲ್ಲ. ಅಂದರೆ ನಾನು ಬುಧವಾರ ರೊಕ್ಕ ಇಡದೇ ಹೋಗಿದ್ದರೆ ಅಷ್ಟು ವರ್ಷ ಚೀಟಿ ನಡೆಸಿದ ಅತ್ತೆಯ ಮರ್ಯಾದೆಯೇ ಹೋಗುತ್ತಿತ್ತು.

"ಆ ಸಲ ಯಾರ ಪಾಳಿ ಇತ್ತು?" ಎಂದೆ.

"ನಂದ. ಮಗಳಿಗೆ ಹೊಲಿಗಿ ಮಷಿನ್ ನೋಡಿ ಇಟ್ಟಿದ್ವಿ. ಶನಿವಾರ ಮುಂಜಾನಿ ಮರುಳಮ್ಮ ಬಂದು, ಸ್ವಲ್ಪ ಕಡಿಮಿ ಐತಿ, ಬುಧವಾರ ಪೂರ್ತಿ ಕೊಡ್ತೀನಿ, ತಡಿತೀಯೇನ್ ಅಂತ ಕೇಳಿದ್ರು. ತಡಿತೀನಿ ಅಂದೆ. ಬುಧವಾರ ಸಂಜಿ ಹೋಗಿ ಮಷಿನ್ ತಂದ್ವಿ."

"ನನ್ನ ಸಲುವಾಗಿ ಅಂತ ಅತ್ತಿ ಹೇಳಿದ್ಲೇನು?"

"ಅವರು ಹೇಳಲಿಲ್ಲ. ಶುಕ್ರವಾರ ಹೋದ ಟೆಂಪೊ ಶನಿವಾರ ಮುಂಜಾನಿ ನಿಮ್ಮ ಮನಿ ಮುಂದ ನಿಂತಿತ್ತು. ನನ್ನ ರೊಕ್ಕ ಕಡಿಮಿ ಆಗಿತ್ತು. ಇದಕ್ಕೇನು ಪಂಚಾಂಗ ನೋಡಬೇಕೇನ್ರಿ?"

ಆ ಭಾನುವಾರ ತಂಬ್ರಹಳ್ಳಿಗೆ ಇದೇ ಟೆಂಪೊದಲ್ಲಿ, ಇದೇ ಕೊಪ್ಪರಿಗೆಗಳ ನಡುವೆ ಕೂತು ಅವಳೂ ಬಂದಿದ್ದಳು. ದಿನವಿಡೀ ಪಾತ್ರೆ ಉಜ್ಜಿದ್ದಳು, ಒಂದು ಮಾತು ಆಡಿರಲಿಲ್ಲ. ಇಷ್ಟು ವರ್ಷ ನನ್ನ ಕಥೆಯನ್ನು ಎಷ್ಟು ಸಲ ಕೇಳಿ ನಕ್ಕಿದ್ದಳೋ. "ಆವತ್ತ ಯಾಕ ಹೇಳಲಿಲ್ಲ ಹುಲಿಗೆಮ್ಮ?" ಎಂದು ಕೇಳಿದೆ.

"ಏನ್ ಹೇಳೂದ್ರಿ? ಗಾಡಿ ಬಂದ್ರ ನನಗೂ ಕೂಲಿ ಅಲ್ಲೇನು?" ಎಂದವಳು ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. "ಆದ್ರ ಆವತ್ತು ಒಂದು ಮಾತು ಬಾಯಿತನಕ ಬಂದಿತ್ತು ನೋಡ್ರಿ. ನನ್ನ ರೊಕ್ಕದ ಮ್ಯಾಲ ಗಾಡಿ ಓಡಾಕ ಹತ್ತೈತಿ, ಇವತ್ತೊಂದು ದಿನ ಮುಂದಿನ ಸೀಟಿನಾಗ ಕುಂದ್ರಸ್ರಿ ಅಂತ ಕೇಳಬೇಕಂತಿದ್ದೆ. ನೀವು ಹಾಡು ಹೇಳ್ಕೊಂತ ಅಷ್ಟು ಖುಷಿಲೆ ಹೊಡಿಯಾಕ ಹತ್ತಿದ್ರಿ. ಹೋಗ್ಲಿ ಬಿಡು ಅಂತ ಸುಮ್ಮನಾದೆ."

ನಾನು ಎದ್ದು ಹೋಗಿ ಟೆಂಪೊದ ಮುಂದಿನ ಬಾಗಿಲು ತೆರೆದೆ. ಸೀಟಿನ ಮೇಲಿದ್ದ ವೈರಿನ ಸುರುಳಿ, ಬಲ್ಬಿನ ಡಬ್ಬಿ ಎಲ್ಲ ಹಿಂದೆ ಹಾಕಿ, ಟವೆಲ್ಲಿನಿಂದ ಸೀಟು ಒರೆಸಿ, "ಬಾ ಹುಲಿಗೆಮ್ಮ, ಮುಂದ ಕುಂದ್ರು" ಎಂದೆ.

ಅವಳು ಚಹಾದ ಲೋಟ ತೊಳೆದಿಟ್ಟು ಬಂದು, ತೆರೆದ ಬಾಗಿಲಿನೊಳಗೆ ಒಮ್ಮೆ ಬಗ್ಗಿ ನೋಡಿದಳು.

"ಬ್ಯಾಡ್ರಿ. ಹಿಂದ ಗಾಳಿ ಚಲೋ ಬರ್ತೈತಿ" ಎಂದು ಹೇಳಿ, ಹೋಗಿ ಕೊಪ್ಪರಿಗೆಗಳ ನಡುವೆ ಕೂತಳು.